ತಂಗುತ್ ಮಂಚದಿಂದ ಇಳಿಯದ ದಿನ

ಗೊಜ್ಜಾಮ್ ಸೀಮೆಯ ಆ ಬೆಟ್ಟದೂರಲ್ಲಿ ಯಾರು ಹಾಸಿಗೆ ಹಿಡಿದರೂ ಜನ ಮೊದಲು ಕೂಗುತ್ತಿದ್ದುದು ಬಿರಾರನನ್ನು. ಡೋಲಿ ಹೊರುವವರ ಸಂಘಕ್ಕೆ ಅವನೇ ಹಿರಿಯ; ಕಿರಿಯರೆಲ್ಲ ಅವನನ್ನು ಗೌರವದಿಂದ 'ಗಾಶೆ' ಎನ್ನುತ್ತಿದ್ದರು. ಊರಿಗೆಲ್ಲ ಇದ್ದದ್ದು ಒಂದೇ ಡೋಲಿ. ರೋಗಿಗೂ ಅದೇ, ಹೆಣಕ್ಕೂ ಅದೇ.

ಪ್ರಾಯದಲ್ಲಿ ಅವನು ಹೊತ್ತೊಯ್ದ ಬಸುರಿಯರಲ್ಲಿ ಎಷ್ಟೋ ಮಂದಿ ಮುಖ ಮುಚ್ಚಿಸಿಕೊಂಡು ಮರಳಿದ್ದರು. ಹೆಗಲಿಗೆ ಆಗಲೂ ಬರವಿರಲಿಲ್ಲ. ಹೊತ್ತು ತಲುಪಿದ ಆಸ್ಪತ್ರೆಯಲ್ಲಿ ಮದ್ದಿಲ್ಲದ ಖಾಲಿ ಬೀರು, ಬೀಗ ಹಾಕಿದ ಬಾಗಿಲು. ಈಚೆಗೆ ಸರ್ಕಾರ ಕೈಬಿಚ್ಚಿ ಖರ್ಚು ಮಾಡಿತ್ತು. ಹೊಳೆಯಾಚೆಯ ಪೇಟೆಯ ಆಸ್ಪತ್ರೆಯಲ್ಲಿ ಈಗ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸುವ ವೈದ್ಯರಿದ್ದರು, ರಕ್ತವಿತ್ತು, ಎಲ್ಲವೂ ಪುಕ್ಕಟೆ. ಆದರೆ ಮಳೆಗಾಲದ ಕೆಸರಲ್ಲಿ ಆಂಬುಲೆನ್ಸ್ ಹೊಳೆಯಾಚೆಗೇ ನಿಲ್ಲುತ್ತಿತ್ತು.

ಚೆಕೊಲನ ಹೆಂಡತಿ ತಂಗುತ್‌ಳಿಗೆ ನೋವು ಶುರುವಾಯಿತು. ಮಗು ಅಡ್ಡ ಮಲಗಿದೆ, ಈಗಲೇ ಹೊರಡಿಸಿ ಎಂದಳು ಊರಿನ ಆರೋಗ್ಯ ಕಾರ್ಯಕರ್ತೆ. ಡೋಲಿ ಕಂಡದ್ದೇ ತಡ, ತಂಗುತ್ ತಾನು ಮಲಗಿದ್ದ ಮಂಚವನ್ನು ತಬ್ಬಿ ಹಿಡಿದಳು.

"ಅದರ ಮೇಲೆ ಮಲಗಲ್ಲ. ನಮ್ಮವ್ವನ್ನ ಹೆಣ ಮಾಡಿ ತಂದದ್ದು ಅದೇ!"

"ಹಟ ಮಾಡ್ಬೇಡ ಕಣೇ," ಎಂದ ಚೆಕೊಲ್.

"ನೀನೇ ಮಲಕ್ಕೊಂಡು ಹೋಗು!"

ಅವಳ ತಾಯಿಯನ್ನು ಹೊತ್ತ ಹೆಗಲುಗಳಲ್ಲಿ ಬಿರಾರನದೂ ಒಂದು. ಅವನು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಮಂಚದ ಅಂಚನ್ನು ಕೈಯಲ್ಲಿ ಅಲುಗಾಡಿಸಿ ನೋಡಿದ.

"ಇಳೀಬೇಡ ಮಗಳೇ. ಗಳ, ಹಗ್ಗ ತನ್ರೋ. ಮಂಚಾನೇ ಹೊರೋಣ."

ಮಂಚ ಬಾಗಿಲಲ್ಲಿ ಸಿಕ್ಕಿಕೊಂಡಿತು.

"ಚೌಕಟ್ಟು ಕಿತ್ತುಹಾಕಿ."

"ಗಾಶೆ, ಹೊಸಾ ಮನೆ!" ಚೆಕೊಲ್ ಹಿರಿಯನ ಕೈ ಹಿಡಿದ.

"ಹೆಂಡ್ತಿ ಹಳೇದಾದ್ಲೇನೋ?"

ನೋವಿನ ನಡುವೆಯೂ ತಂಗುತ್ ನಕ್ಕುಬಿಟ್ಟಳು. ಚೆಕೊಲ್ ತಾನೇ ಕೊಡಲಿ ಎತ್ತಿಕೊಂಡ.

ಕೆಸರಿನ ಇಳಿಜಾರಿನಲ್ಲಿ ಗಂಡಸರು ಹೆಗಲು ಬದಲಿಸುತ್ತ ಓಡಿದರು. ಬಿರಾರ ಮಾತ್ರ ಯಾರಿಗೂ ತನ್ನ ಮೂಲೆ ಬಿಟ್ಟುಕೊಡಲಿಲ್ಲ.

"ಗಾಶೆ, ವಯಸ್ಸಾಯ್ತು ನಿಮಗೆ, ಬಿಡಿ ಅತ್ಲಾಗೆ," ಎಂದ ಪಕ್ಕದ ಮೂಲೆ ಹೊತ್ತವನು.

"ನಿನ್ನ ಮೂಲೆ ಜಗ್ತಾ ಇದೆ, ಅದನ್ನ ನೋಡ್ಕೋ."

ಎದೆಮಟ್ಟದ ಹೊಳೆಯಲ್ಲಿ ಮಂಚವನ್ನು ತಲೆಯ ಮೇಲೆತ್ತಿ ದಾಟಿದರು. ಅವಳ ಕಂಬಳಿಯ ಅಂಚೂ ನೆನೆಯಲಿಲ್ಲ. ಆಂಬುಲೆನ್ಸಿನ ಬಳಿ ಅವಳು ಬಿರಾರನ ಕೊರಳಿಗೆ ಕೈ ಹಾಕಿ ತಾನಾಗಿಯೇ ಇಳಿದಳು. ಸಂಜೆಗೆ ಪೇಟೆಯ ಆಸ್ಪತ್ರೆಯಲ್ಲಿ ನರ್ಸ್ ಹೊರಬಂದು ಹೆಣ್ಣುಮಗು ಎಂದಳು. ಚೆಕೊಲ್ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. "ಅವಳು?" ಎಂದ.

"ನೀರು ಕೇಳ್ತಿದಾಳೆ."

ಹಿಂದೆ ತಂಗುತ್‌ಳ ತಾಯಿ ಸತ್ತ ವರ್ಷ ಅವರ ಹೊಲ ಬೀಳುಬಿದ್ದಿತ್ತು. ಹಸಿದ ಮಕ್ಕಳು ನೆಂಟರ ಮನೆಗಳಲ್ಲಿ ಹಂಚಿಹೋಗಿದ್ದರು. ಈ ಸಲ ಟೆಫ್ ಧಾನ್ಯದ ಕೊಯ್ಲಿಗೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ತಂಗುತ್ ಬಂದಳು, ಮೊದಮೊದಲು ಮೆಲ್ಲಗೆ, ಆಮೇಲೆ ಎಲ್ಲರಿಗಿಂತ ಮುಂದೆ.

"ಗಾಶೆ, ಹಿಂದೆ ಬಿದ್ರಲ್ಲ!" ಎಂದು ಕೂಗಿದಳು.

"ನೀನು ನಡಿಯೇ," ಎಂದ ಬಿರಾರ. ಕುಡುಗೋಲು ಕೆಳಗಿಳಿಸಿ, ಅವಳು ಮುಂದೆ ಮುಂದೆ ಹೋಗುವುದನ್ನೇ ನೋಡುತ್ತ ನಿಂತ.