ಸೌಟು ಟೀಚರ್ ಹಲಗೆ ಒರೆಸಿದ ಗುರುವಾರ

ಶಾಲೆಯ ಅಡುಗೆಮನೆಯ ಹಿರಿಯ ಅಡುಗೆಯವರಿಗೆ ‘ಸೌಟು ಟೀಚರ್’ ಎಂದು ಹೆಸರಿಟ್ಟವರು ಗಣಿತದ ಮೇಷ್ಟ್ರು, ಅದೂ ಹಂಗಿಸಲಿಕ್ಕೆ. ಮಕ್ಕಳು ಅದನ್ನೇ ಎಷ್ಟು ಅಕ್ಕರೆಯಿಂದ ಕೂಗತೊಡಗಿದರೆಂದರೆ, ಒಂದು ವಾರದೊಳಗೆ ಆ ಹೆಸರಿನ ಕೊಂಕೆಲ್ಲ ಕರಗಿಹೋಯಿತು.

ದಿನಾ ಮಧ್ಯಾಹ್ನ ಇನ್ನೂರ ನಲವತ್ತು ಮಕ್ಕಳ ಊಟ. ಬಡಿಸುವ ಕಿಟಕಿಯ ಪಕ್ಕದ ಮೊಳೆಗೆ ಒಂದು ಕರಿಹಲಗೆ ತೂಗುಹಾಕಿತ್ತು. ಅವತ್ತಿನ ಊಟ ಏನೆಂದು ಅದರ ಮೇಲೆ ಬರೆಯಬೇಕೆಂಬುದು ಶಾಲೆಯ ನಿಯಮ. ಸೌಟು ಟೀಚರ್ ಅದರ ಕೆಳಗೆ ತಮ್ಮದೊಂದು ಸಾಲು ಸೇರಿಸುತ್ತಿದ್ದರು: ಅದು ಎಲ್ಲಿಂದ ಬಂತು.

ಅವರು ಓದಿದ್ದು ನಾಲ್ಕನೇ ತರಗತಿ. ಆಮೇಲೆ ಚಿಕ್ಕಮ್ಮನ ಬೆನ್ನು ಹಿಡಿದು ರೈಲ್ವೆ ಕ್ಯಾಂಟೀನಿಗೆ ಪಾತ್ರೆ ತೊಳೆಯಲು ಹೋದರು. ಶಾಲೆ ಬಿಟ್ಟರೂ ಓದುವ ಚಟ ಬಿಡಲಿಲ್ಲ. ಅಲ್ಲಿ ಓದಲು ಸಿಗುತ್ತಿದ್ದದ್ದು ಹಿಟ್ಟಿನ ಮೂಟೆ, ಎಣ್ಣೆ ಡಬ್ಬ, ಚಹಾದ ಪೆಟ್ಟಿಗೆ. ಒಂದೊಂದರ ಮೇಲೂ ಕೇಳರಿಯದ ಒಂದೊಂದು ಊರು. ಇಷ್ಟು ದೂರದಿಂದ ಬಂದದ್ದನ್ನು ಜನ ಎರಡು ನಿಮಿಷದಲ್ಲಿ ನುಂಗಿ ಕೈ ತೊಳೆದು ಹೋಗುತ್ತಾರಲ್ಲ ಎಂದು ಆ ಹುಡುಗಿಗೆ ಸಂಕಟವಾಗುತ್ತಿತ್ತಂತೆ.

ಹಲಗೆಯ ಮೊದಲ ಸಾಲು ಹುಟ್ಟಿದ್ದು ಟೊಮೇಟೊ ಸೂಪಿನಿಂದ. ಒಂದನೇ ತರಗತಿಯ ಒಂದು ಮಗು ಕೆಂಪಗಿರುವುದನ್ನು ತಿನ್ನಲಾರೆನೆಂದು ಬಾಯಿ ಬಿಗಿಹಿಡಿದು ಕೂತಿತ್ತು. ಸೌಟು ಟೀಚರ್ ಅದರ ಎದುರು ಕುಕ್ಕರಗಾಲಲ್ಲಿ ಕೂತು ಗುಟ್ಟು ಹೇಳಿದರು. “ಹಿಂದಿನ ಕಾಲದಲ್ಲಿ ಎಷ್ಟೋ ದೇಶದ ದೊಡ್ಡ ದೊಡ್ಡವರೇ ಇದನ್ನ ವಿಷ ಅಂತ ಹೆದರಿಕೊಂಡಿದ್ರು ಗೊತ್ತಾ? ತೋಟದಲ್ಲಿ ಚೆಂದಕ್ಕೆ ಬೆಳೆಸೋರು, ತಿನ್ನೋ ಧೈರ್ಯ ಇರಲಿಲ್ಲ. ನಿಂಗಿದೆಯಾ?” ಮಗು ಬಟ್ಟಲು ಬರಿದು ಮಾಡಿ ಎದೆಯುಬ್ಬಿಸಿ ಎದ್ದುಹೋಯಿತು.

ಆಮೇಲೆ ಆಲೂಗೆಡ್ಡೆ, ಕೋಕೋ, ಚಹಾ ಎಂದು ಸಾಲುಗಳು ಬೆಳೆದವು. ಪುಸ್ತಕಗಳನ್ನು ಕೊಡುತ್ತಿದ್ದವರು ಗ್ರಂಥಾಲಯದ ಟೀಚರ್. ಕೋಕೋ ಮೊದಮೊದಲು ಕಹಿ ಪಾನೀಯವಾಗಿತ್ತು, ಅದಕ್ಕೆ ಮೆಣಸಿನಕಾಯಿಯನ್ನೂ ಬೆರೆಸುತ್ತಿದ್ದರು ಎಂದು ಓದಿದ ದಿನ ಮೂರನೇ ತರಗತಿಯವರೆಲ್ಲ ಮೂತಿ ಸಿಂಡರಿಸಿ ಕುಣಿದಿದ್ದರು. ಅಡುಗೆಯವರು ಪಾಠ ಮಾಡುವುದು ಸರಿಯೇ ಎಂದು ಗಣಿತದ ಮೇಷ್ಟ್ರು ತಕರಾರು ತೆಗೆದಾಗ ದೊಡ್ಡ ಮೇಡಂ, ಅಂದರೆ ಮುಖ್ಯೋಪಾಧ್ಯಾಯಿನಿ, ಒಂದು ಷರತ್ತು ಹಾಕಿದ್ದರು. “ಬರೀರಿ. ಆದ್ರೆ ತಪ್ಪು ಅಂತ ಒಂದು ಸಾಲು ಸಿಕ್ಕಿದ್ರೂ ಹಲಗೆ ಕೆಳಗಿಳಿಯತ್ತೆ.” ಒಂಬತ್ತು ವರ್ಷ ಇಳಿದಿರಲಿಲ್ಲ.

ಎಲ್ಲಕ್ಕಿಂತ ಜೋರು ಗುರುವಾರದ ಪಾಸ್ತಾ. ಅವತ್ತು ಬರೀ ಸಾಲಲ್ಲ, ಪೂರ್ತಿ ನಾಟಕ. ಇಟಲಿಯ ವ್ಯಾಪಾರಿಯೊಬ್ಬ ಒಂಟೆಯೇರಿ ಚೀನಾಕ್ಕೆ ಹೋದ, ಅಲ್ಲಿ ನೂಡಲ್ಸ್ ತಿಂದು ಮನಸೋತ, ಒಂದು ಗಂಟು ಕಟ್ಟಿ ಊರಿಗೆ ತಂದ, ಅದರಿಂದಲೇ ಪಾಸ್ತಾ ಹುಟ್ಟಿತು! ಸೌಟೇ ಚಾವಟಿ, ಹಿಟ್ಟಿನ ಚೀಲವೇ ಗಂಟು. ಒಂಟೆಯಾಗುವ ಭಾಗ್ಯಕ್ಕೆ ಮಕ್ಕಳಲ್ಲಿ ಸರದಿ ಇತ್ತು. ಮುಂದಿನ ಗುರುವಾರದ ಒಂಟೆ ಮೂರನೇ ತರಗತಿಯ, ಮುಂದಿನ ಎರಡು ಹಲ್ಲು ಬಿದ್ದ ಹುಡುಗಿ. ಅವಳು ಏಳು ವಾರದಿಂದ ಕಾದಿದ್ದಳು.

ಆ ಭಾನುವಾರ ಮಧ್ಯಾಹ್ನ ಸೌಟು ಟೀಚರ್ ಮನೆಯಲ್ಲಿ ಕೂತು ಕೂಸಿನ ಅಂಗಿಗಳನ್ನು ಮಡಿಸುತ್ತಿದ್ದರು. ಮಗಳು ಐದು ತಿಂಗಳ ಕೂಸಿನೊಂದಿಗೆ ತವರಿಗೆ ಬಂದಿದ್ದಳು. ಕೂಸಿಗೆ ತೊಟ್ಟಿಲು ತೂಗಿದರೆ ಸಾಲದು, ಯಾರಾದರೂ ಒಂದೇ ಸಮನೆ ಏನಾದರೂ ಓದುತ್ತಿರಬೇಕು. ಹಾಗಾಗಿ ಮಗಳು ಹಾಲು ಕುಡಿಸುತ್ತಲೇ ಗ್ರಂಥಾಲಯದ ಹೊಸ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದಳು. ಓದುತ್ತ ಓದುತ್ತ ದನಿ ನಿಂತಿತು.

“ಯಾಕೆ ನಿಲ್ಲಿಸಿದೆ? ಅದು ಏಳತ್ತೆ ಕಣೇ.”

“ಅಮ್ಮ, ನಿನ್ನ ವ್ಯಾಪಾರಿ ಕಥೆ ಬರೀ ಕಟ್ಟುಕಥೆಯಂತೆ. ಅವನು ಹುಟ್ಟೋಕೆ ಸುಮಾರು ನೂರು ವರ್ಷ ಮೊದಲೇ ಒಬ್ಬ ಭೂಗೋಳದವನು ಬರೆದಿಟ್ಟಿದ್ದಾನೆ. ಇಟಲಿ ಹತ್ತಿರದ ಒಂದು ದ್ವೀಪದಲ್ಲಿ ಗೋಧಿ ಹಿಟ್ಟನ್ನ ದಾರದ ಹಾಗೆ ಎಳೆದು, ಒಣಗಿಸಿ, ಹಡಗಿಗೆ ತುಂಬಿ ಕಳಿಸ್ತಿದ್ರಂತೆ.”

ಸೌಟು ಟೀಚರ್ ಕೈಯಲ್ಲಿದ್ದ ಪುಟ್ಟ ಅಂಗಿಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. “ಇನ್ನೊಂದ್ಸಲ ಓದು.”

ಮಗಳು ಮೂರು ಸಲ ಓದಿದಳು. ಕೂಸು ಗೊರಕೆ ಹೊಡೆಯಿತು.

“ಬಿಡಮ್ಮ, ಅಲ್ಲಿ ಯಾರಿಗೆ ಗೊತ್ತಾಗತ್ತೆ? ಸುಮ್ಮನೆ ಹಲಗೆ ಕಳ್ಕೊಳ್ತೀಯಾ?”

“ಉಪ್ಪು ಜಾಸ್ತಿ ಆಗಿದೆ ಅಂತ ನಂಗೆ ಗೊತ್ತಾದ್ಮೇಲೂ ಬಡಿಸ್ಲಾ?”

ಹಾಗೆ ಅಂದರು, ನಿಜ. ಆದರೆ ಸೋಮವಾರ ಹೇಳಲಿಲ್ಲ, ಮಂಗಳವಾರವೂ ಇಲ್ಲ. ಬುಧವಾರ ದೊಡ್ಡ ಮೇಡಂ ಕೋಣೆಯ ಬಾಗಿಲವರೆಗೆ ಹೋಗಿ, ಸಕ್ಕರೆ ಮುಗಿಯುತ್ತಾ ಬಂತು ಎಂದಷ್ಟೇ ಹೇಳಿ ವಾಪಸ್ಸಾದರು. ಆ ಹಲಗೆಯೊಂದಿಲ್ಲದಿದ್ದರೆ ತಾವು ಬರೀ ಸೌಟು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಗುರುವಾರ ಬಂತು. ಹಲ್ಲು ಬಿದ್ದ ಹುಡುಗಿ ಸ್ವೆಟರಿನೊಳಗೆ ಬೆನ್ನಿಗೆ ಸ್ಕಾರ್ಫ್ ತುರುಕಿಕೊಂಡು ಡುಬ್ಬ ಮಾಡಿಕೊಂಡೇ ಬಂದಿದ್ದಳು. ಸೌಟು ಟೀಚರ್ ಮೊದಲು ಒಂದು ಪಾಸ್ತಾ ಕಚ್ಚಿ ಬೆಂದಿದೆಯೆಂದು ನೋಡಿ ನೀರು ಬಸಿದರು. ಆಮೇಲೆ ಏಪ್ರನ್ನಿಗೆ ಕೈಯೊರೆಸಿ, ಒದ್ದೆ ಬಟ್ಟೆ ತೆಗೆದುಕೊಂಡು, ಬೆಳಿಗ್ಗೆ ಎಂದಿನಂತೆ ಹಲಗೆಯ ಮೇಲೆ ಬರೆದಿದ್ದ ವ್ಯಾಪಾರಿಯನ್ನು ಒರೆಸಿಹಾಕಿದರು.

“ಮಕ್ಕಳೇ, ಒಂಬತ್ತು ವರ್ಷದಿಂದ ನಾನು ತಪ್ಪು ಬಡಿಸಿದ್ದೀನಿ. ಆ ಕಥೆ ನಿಜ ಅಲ್ಲ.”

ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ ಗಣಿತದ ಮೇಷ್ಟ್ರು ಹುಬ್ಬೇರಿಸಿದರು. “ಏನು, ಪಾಸ್ತಾ ಕೆಟ್ಟಿದೆಯಾ?”

“ಪಾಸ್ತಾ ಚೆನ್ನಾಗಿದೆ ಸಾರ್. ಕಥೆ ಹಳಸಿದೆ.”

ದ್ವೀಪ, ದಾರದಂಥ ಹಿಟ್ಟು, ಹಡಗು ಎಲ್ಲ ಹೇಳಿದರು. ಹುಡುಗಿಯ ಕೆಳತುಟಿ ನಡುಗಿತು. “ಹಂಗಾದ್ರೆ ಒಂಟೆ?”

ಸೌಟು ಟೀಚರ್ ದೊಡ್ಡ ಮೇಡಂ ಬೈಗುಳಕ್ಕೆ ಮೂರು ದಿನದಿಂದ ಸಿದ್ಧರಾಗಿದ್ದರು, ಈ ಪ್ರಶ್ನೆಗಲ್ಲ. ಕೊನೆಗೆ ಬಗ್ಗಿ, ಡುಬ್ಬದ ಸ್ಕಾರ್ಫನ್ನು ಎಳೆದು ಅವಳ ಎರಡೂ ಕೈಗೆ ಕೊಟ್ಟು ಮೇಲೆತ್ತಿಸಿದರು. “ಒಂಟೆ ಇಲ್ಲ ಪುಟ್ಟಿ. ನೀನೀಗ ಹಡಗು. ಇದು ಹಾಯಿಪಟ.”

“ಹಡಗು ಹೆಂಗೆ ಕೂಗತ್ತೆ?”

“ಆ ಕಾಲದ ಹಡಗು ಕೂಗಲ್ಲ, ಗಾಳಿ ಕೂಗತ್ತೆ. ಇವರೆಲ್ಲ ಗಾಳಿ.”

ಇನ್ನೂರಕ್ಕೂ ಹೆಚ್ಚು ಗಾಳಿಗಳು ಒಟ್ಟಿಗೆ ಬೀಸಿದವು. ಸದ್ದಿಗೆ ದೊಡ್ಡ ಮೇಡಂ ಓಡಿಬಂದರು. ಸೌಟು ಟೀಚರ್, “ಬಡಿಸಿ ಬರ್ತೀನಿ ಮೇಡಂ, ಪಾಸ್ತಾ ಕಾಯಲ್ಲ,” ಎಂದರು. ಕೊನೆಯ ತಟ್ಟೆ ತುಂಬಿದ ಮೇಲೆ ತಾವೇ ಹಲಗೆಯನ್ನು ಮೊಳೆಯಿಂದ ಬಿಡಿಸಿ, ಕಂಕುಳಲ್ಲಿಟ್ಟುಕೊಂಡು ಅವರ ಕೋಣೆಗೆ ನಡೆದರು.

ನಡೆದದ್ದನ್ನೆಲ್ಲ ಕೇಳಿ ಮೇಡಂ ಕನ್ನಡಕ ತೆಗೆದರು. “ಇದು ತಪ್ಪು ಅಂತ ಬೇರೆ ಯಾರಿಗೆ ಗೊತ್ತಿತ್ತು?”

“ನನ್ನ ಮಗಳಿಗೆ. ಮೊಮ್ಮಗುವಿಗೂ ಗೊತ್ತು, ಆದ್ರೆ ಅದಕ್ಕೆ ಇನ್ನೂ ಮಾತು ಬಂದಿಲ್ಲ.”

ಮೇಡಂ ನಗು ತಡೆದುಕೊಂಡರು. “ಷರತ್ತು ಷರತ್ತೇ. ಹಲಗೆ ಒಂದು ವಾರ ಇಲ್ಲೇ ಇರಲಿ. ಆಮೇಲೆ ತಗೊಂಡು ಹೋಗಿ. ಆದ್ರೆ ಇನ್ನು ಮುಂದೆ ಪ್ರತಿ ಸಾಲಿನ ಪಕ್ಕ, ಯಾರು ಹೇಳಿದ್ದು ಅಂತಲೂ ಬರೀಬೇಕು.”

ಒಂದು ವಾರ ಮಕ್ಕಳು ಬರಿಯ ಮೊಳೆ ನೋಡಿಕೊಂಡು ಉಂಡರು. ಅದರ ಮರುದಿನ, ಶುಕ್ರವಾರ, ಹಲಗೆ ಮತ್ತೆ ಏರಿತು. ಅದರ ಮೇಲೆ ಹೀಗಿತ್ತು:

‘ಇಂದು ಆಲೂಗೆಡ್ಡೆ. ಮೊದಲು ಬೆಳೆದದ್ದು ದಕ್ಷಿಣ ಅಮೆರಿಕದ ಎತ್ತರದ ಬೆಟ್ಟಗಳಲ್ಲಿ. ಹೇಳಿದ್ದು: ಎರಡು ಪುಸ್ತಕಗಳು. ಉಪ್ಪು ಸರಿಯಾಗಿದೆ. ಹೇಳಿದ್ದು: ನಾನು.’

ಗಣಿತದ ಮೇಷ್ಟ್ರು ಎರಡು ಸಲ ಓದಿದರು. ನಿಂತಲ್ಲೇ ಒಂದು ಚಮಚ ಬಾಯಿಗಿಟ್ಟು, ಜೇಬಿನಿಂದ ಸೀಮೆಸುಣ್ಣ ತೆಗೆದು, ಕೊನೆಯ ಸಾಲಿನ ಮುಂದೆ ದೊಡ್ಡದಾಗಿ ಒಂದು ರೈಟ್ ಹಾಕಿದರು.