ಪಾಳಿಗೆ ನಿಂತ ಕೆಂಪು ಕಾರು

ಬರಗಾಲದಾಗ ಉಮರ್ಗಾದ ನಮ್ಮ ಗ್ಯಾರೇಜಿಗೆ ಸಾಹೇಬರೊಬ್ಬರು ಹಳೇ ಕೆಂಪು ಸ್ಪೋರ್ಟ್ಸ್ ಕಾರು ತಂದು, “ಹೈದರಾಬಾದಕ್ಕ ಹೋಗೂದೈತಿ, ತಯಾರ ಮಾಡ್ರಿ” ಅಂದ್ರು. ಹುರುಪಿನಾಗ ರೇಡಿಯೇಟರಿನ ಹಳೇ ನೀರ ಚೆಲ್ಲಿ ಖಾಲಿ ಮಾಡಿದ್ವಿ. ತುಂಬಾಕ ನೀರೇ ಇಲ್ಲ! ನಾ ಕಾರು ದೂಡಿಕೊಂಡು ಹೋಗಿ ಟ್ಯಾಂಕರ್ ಪಾಳಿಯಾಗ, ಕೊಡಗಳ ನಡುವ ನಿಲ್ಲಿಸಿದೆ.

“ಮನಿಗೆ ಎರಡ ಕೊಡ. ಇದು ಯಾರ ಮನಿದೋ ಭಾಡ್ಯಾ?” ಪಾಳಿ ಕಾಯೋ, ಊರಿಗೆಲ್ಲ ಚಿಕ್ಕವ್ವನಂಥ ಮಾವಶಿ ಗದರಿಸಿದ್ಳು.

“ಊರಿಗೆ ಬಂದ ಪಾವ್ಣ್ಯಾರಿಗೆ ನೀರ ಕೊಡೂದಿಲ್ಲೇನ್ರೀ ಮಾವಶಿ?” ಅಂದೆ ನಾ.

“ಕೊಡ್ತೀನಿ. ಕುಡದ ಮ್ಯಾಲ ಪಾವ್ಣ್ಯಾ ನಮ್ಮ ಕೊಡ ಮನಿಗೆ ಮುಟ್ಟಿಸಲಿ.”

“ಇದು ರೇಸಿನ ಗಾಡಿ!” ಹಿಂದ ಬಂದಿದ್ದ ಸಾಹೇಬರು ಒದರಿದ್ರು.

“ಹಂಗಾದ್ರ ಲಗೂನ ಮುಗೀತದ.”

ರೇಡಿಯೇಟರ್ ತುಂಬಿದ ಮ್ಯಾಲ, ಬಾಜೂ ಸೀಟಿನ ಕೊಡಕ್ಕ ಬೆಲ್ಟ್ ಕಟ್ಟಿ, ಸಾಹೇಬರು ಓಣಿ ಓಣಿ ಮೆಲ್ಲಕ ಸುತ್ತಿದ್ರು. ಅಂಥ ಬಿಸಿಲಾಗೂ ಇಂಜಿನ್ ಕುದೀಲಿಲ್ಲ. ಖುಷಿಯಾಗಿ ಹೈದರಾಬಾದಕ್ಕ ಹೋದ್ರು.

ಮರುದಿನ ಟ್ಯಾಂಕರ್ ಬಂತು. “ಕಾರೆಲ್ಲೋ?” ಅಂದ್ಳು ಮಾವಶಿ. ಆಮ್ಯಾಲ ತುಂಬಿದ ಕೊಡಗಳ್ನ ನೋಡಿ, ನನ್ನ ಹೆಗಲ ನೋಡಿದ್ಳು.