ಉಯ್ಯಾಲೆಗೆ ಸುತ್ತಿದ ಕೆಂಪು-ಬಿಳಿ ಪಟ್ಟಿ

ದಾನ್ಯೂಬ್ ನದಿಯ ಮೇಲಿನ ಬೆಳಗಿನ ಮಂಜು ಇನ್ನೂ ಕರಗಿಲ್ಲ. ರುಸೆ ಊರಂಚಿನ ಎಂಟಂತಸ್ತಿನ ಮನೆಗಳ ನಡುವಿನ ಆಟದ ಅಂಗಳದಲ್ಲಿ ಇಲಿಂಕಾ ಮಂಡಿಯೂರಿ, ಅಳಿಸಿಹೋದ ಸುಣ್ಣದ ವೃತ್ತಗಳನ್ನು ತಿದ್ದುತ್ತಿದ್ದಾರೆ. ಸೋಂಕಿನ ಕಾಲ. ಮಕ್ಕಳು ಆಡಬಹುದು, ಆದರೆ ಒಬ್ಬೊಬ್ಬರು ಒಂದೊಂದು ವೃತ್ತದೊಳಗೆ. ಉಯ್ಯಾಲೆಗಳಿಗೆ ಮಾತ್ರ ಇನ್ನೂ ಅಪ್ಪಣೆಯಿಲ್ಲ.

ದುಡಿಯುತ್ತಿದ್ದ ನೂಲಿನ ಗಿರಣಿ ಮುಚ್ಚಿದ ಮೇಲೆ ಪೊರಕೆ ಹಿಡಿದವರು ಇವರು. ಗಂಡ ತೀರಿಹೋಗಿ ಬಹಳ ಕಾಲವಾಯಿತು. ಸೊಂಟನೋವು ಮಾತ್ರ ಜೊತೆ ಬಿಟ್ಟಿಲ್ಲ. ಜಾರುಬಂಡೆ ಒರೆಸುವುದು, ಮರಳಿನಿಂದ ಗಾಜಿನ ಚೂರು ಹೆಕ್ಕುವುದು, ಸರಪಳಿಗೆ ಎಣ್ಣೆ ಬಿಡುವುದು ದಿನದ ಕೆಲಸ. ಅಲ್ಲಿಗೆ ಬರುವ ತಾಯಂದಿರಿಗೆ ಇವರ ಹೆಸರು ಗೊತ್ತಿಲ್ಲ. ಮಕ್ಕಳಿಗೆ ಗೊತ್ತು.

"ಇಲಿಂಕಾ ಅಜ್ಜಿ, ನಾವೇನು ಟೊಮೆಟೊ ಸಸೀನಾ, ಇಷ್ಟಿಷ್ಟು ದೂರ ನೆಡೋಕೆ?" ಎಂದು ಯಾವೋರ್ ಎಂಬ ಹುಡುಗ ತನ್ನ ವೃತ್ತದಿಂದಲೇ ಕೂಗುತ್ತಾನೆ.

"ಬಿದ್ರೆ ಅಳೋಕೂ ಬೇಜಾರು. ಯಾರೂ ಬಂದು ಎಬ್ಬಿಸಲ್ವಲ್ಲ" ಎನ್ನುತ್ತಾಳೆ ಏಳು ವರ್ಷದ ಕಾಲಿನಾ.

ಈ ಹುಡುಗಿಯ ಮುಖ ನೋಡಲು ಇಲಿಂಕಾಗೆ ಕಷ್ಟ. ಮಾರ್ಚ್‌ನಲ್ಲಿ ಅಂಗಳ ಮುಚ್ಚಿದಾಗ ಉಯ್ಯಾಲೆಗಳಿಗೆ ಕೆಂಪು-ಬಿಳಿ ಪ್ಲಾಸ್ಟಿಕ್ ಪಟ್ಟಿ ಸುತ್ತಿದ್ದು ಇವರದೇ ಕೈ. ಆಗ ಮಕ್ಕಳೆಲ್ಲರ ಮಣಿಕಟ್ಟಿನಲ್ಲೂ ಮಾರ್ತೆನಿತ್ಸಾ ಇತ್ತು. ಆರೋಗ್ಯ ಕೋರಿ ಕಟ್ಟುವ ಕೆಂಪು-ಬಿಳಿ ದಾರ. ಮರ ಹೂ ಬಿಟ್ಟರೆ ಬಿಚ್ಚಿ ಕೊಂಬೆಗೆ ಕಟ್ಟುವುದು ವಾಡಿಕೆ.

ಕಾಲಿನಾ ಬಾಲ್ಕನಿಯಿಂದ ಕೇಳಿದ್ದಳು: "ಅಜ್ಜೀ, ಉಯ್ಯಾಲೆಗೂ ಮಾರ್ತೆನಿತ್ಸಾ ಕಟ್ತಿದ್ದೀಯಾ? ಅದಕ್ಕೂ ಹುಷಾರಿಲ್ವಾ?"

"ಹೂಂ ಕಣೇ. ಪ್ಲಮ್ ಮರ ಹೂ ಬಿಟ್ಟ ದಿನ ಬಿಚ್ತೀನಿ."

"ಮಗು ಅಳಬಾರದು ಅಂತ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ" ಎನ್ನುತ್ತಾರೆ ಇಲಿಂಕಾ. ಮರ ಹೂ ಬಿಟ್ಟಿತು, ಪಟ್ಟಿ ಬಿಚ್ಚಲು ಅಪ್ಪಣೆ ಬರಲಿಲ್ಲ. ಬಾಲ್ಕನಿಯಿಂದ ಕಾಲಿನಾಳ ಕೂಗು ಬಂತು: "ಸುಳ್ಳಜ್ಜಿ! ಹೂ ನೋಡು, ಹೂ!"

"ಉದುರಿದ ಹೂವೆಲ್ಲ ಗುಡಿಸಿದೆ. ತಲೆ ಮಾತ್ರ ಎತ್ತಲಿಲ್ಲ."

ಈಗ ಕೆಳಗಿಳಿದು ಬಂದಿರುವ ಕಾಲಿನಾಳ ಕೈಯಲ್ಲಿ ದಾರ ಹಾಗೇ ಇದೆ, ಮಾಸಿ ಬೂದಿ ಬಣ್ಣವಾಗಿದೆ. "ಉಯ್ಯಾಲೇದು ಬಿಚ್ಚೋವರೆಗೂ ನಂದೂ ಬಿಚ್ಚಲ್ಲ" ಎಂದು ಬೆನ್ನು ತಿರುಗಿಸುತ್ತಾಳೆ.

ಪ್ಲಮ್ ಮರದಲ್ಲಿ ಈಗ ಹೂವಿನ ಸುಳಿವಿಲ್ಲ. ಎಲೆಗಳ ನಡುವೆ ಹಸಿರು ಕಾಯಿ ಕಚ್ಚಿದೆ.

"ಅಪ್ಪಣೆ ಬರಲಿ, ಕತ್ತರಿ ಅವಳ ಕೈಗೇ ಕೊಡ್ತೀನಿ. ಹೂ ಎಲ್ಲಿಂದ ತರ್ಲಿ ಹೇಳಿ? ಕಾಯಿರೋ ಕೊಂಬೆಗೇ ಕಟ್ಕೊಳ್ಳಲಿ" ಎನ್ನುತ್ತಾ ಇಲಿಂಕಾ ಎದ್ದು, ಯಾರೂ ಕೂರದ ಉಯ್ಯಾಲೆಯ ಸರಪಳಿಗೆ ಎಣ್ಣೆ ಬಿಡುತ್ತಾರೆ.

"ಅವತ್ತು ಇದು ಕಿರುಗುಟ್ಟಬಾರದು ನೋಡಿ."